ಜಲಪಾತದ ಮೇಲಿನ ಹಗ್ಗ
1986ರ 'ದಿ ಮಿಷನ್' ಚಿತ್ರದ ಒಂದು ದೃಶ್ಯ ನನ್ನನ್ನು ಬಿಡುವುದೇ ಇಲ್ಲ. ಗುಲಾಮರ ವ್ಯಾಪಾರಿಯಾಗಿದ್ದ ಮೆಂಡೋಜ, ತಮ್ಮನನ್ನೇ ಕೊಂದ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕತ್ತಿ, ಕವಚಗಳ ಗಂಟನ್ನು ಹಗ್ಗದಲ್ಲಿ ಎಳೆಯುತ್ತ ಜಲಪಾತದ ಬಂಡೆ ಹತ್ತುತ್ತಾನೆ. ಮೇಲೆ ಅವನು ಹಿಂದೆ ಬೇಟೆಯಾಡಿದ್ದ, ದಕ್ಷಿಣ ಅಮೆರಿಕದ ಮೂಲನಿವಾಸಿ ಗ್ವಾರಾನಿ ಜನ. ಅವರಲ್ಲೊಬ್ಬ ಚಾಕು ಹಿಡಿದು ಬಂದು ಅವನ ಕುತ್ತಿಗೆಗೇ ಒಡ್ಡುತ್ತಾನೆ, ಆದರೆ ಕತ್ತರಿಸುವುದು ಹಗ್ಗವನ್ನು. ಕ್ಷಮೆಯನ್ನು ಇಷ್ಟು ನೇರವಾಗಿ ತೋರಿಸಿದ ಸಿನಿಮಾ ವಿರಳ. ಚಿತ್ರದ ಹಿಂದಿರುವುದು ನಿಜ ಇತಿಹಾಸ: 1750ರ ಒಪ್ಪಂದದಲ್ಲಿ ಸ್ಪೇನ್ ಗ್ವಾರಾನಿಗಳ ಆ ನೆಲವನ್ನು ಪೋರ್ಚುಗಲ್‌ಗೆ ಬಿಟ್ಟುಕೊಟ್ಟಿತು, ಅಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಅವರ ನಡುವೆ ಮಿಷನ್ ನಡೆಸಿದ ಜೆಸ್ವಿಟ್ ಪಾದ್ರಿಗಳ ಕಥೆ ನಮಗೇನೂ ದೂರದ್ದಲ್ಲ. ಹದಿನೇಳನೇ ಶತಮಾನದ ನಡುವೆ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಬರೆದರು. ಇಲ್ಲಿ ಅವರ ಬೆನ್ನಿಗೆ ಸೈನ್ಯವಿರಲಿಲ್ಲ, ಮೈಸೂರಿನ ಒಡೆಯರ ಅನುಮತಿಯಷ್ಟೇ ಆಸರೆ. ನನಗೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಇದು. 1773ರಲ್ಲಿ ಪೋಪರೇ ಜೆಸ್ವಿಟ್ ಸಂಘವನ್ನು ರದ್ದು ಮಾಡಿದ ಮೇಲೆ ಮೈಸೂರಿನ ಕೆಲಸ ಫ್ರೆಂಚ್ ಪಾದ್ರಿಗಳ ಪಾಲಾಯಿತು. ಹಾಸನದ ಕಡೆ ಹೋದವರು ಅವರ ಗುರುತು ನೋಡಲು ಶೆಟ್ಟಿಹಳ್ಳಿಗೂ ಹೋಗಿ ಬರಲಿ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಅಲ್ಲಿನ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು, ಊರೂ ಎದ್ದುಹೋಯಿತು. ಅಲ್ಲಿ ಫೋಟೊ ತೆಗೆಯುವವರು ಬಹಳ. ಆದರೆ ಅಲ್ಲಿಂದ ಒಕ್ಕಲೆದ್ದವರ ಕಥೆಯನ್ನೂ ಕನ್ನಡದ ನಿರ್ದೇಶಕರೊಬ್ಬರು ಕೈಗೆತ್ತಿಕೊಳ್ಳಬೇಕು, ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಶುರುವಾಗಬೇಕು.