ಹಚ್ಚೆ ಚುಚ್ಚುವ ಕೈಯೂ ದುಡಿಯುವ ಕೈಯೇ

ಹೋದ ತಿಂಗಳು ಸಂಘದ ಚಂದಾ ವಸೂಲಿಗೆಂದು ತಿರುವಲ್ಲಿಕ್ಕೇಣಿಯ ಒಂದು ಕೊಠಡಿಗೆ ಹೋಗಿದ್ದೆ. ಅಲ್ಲಿ ನಮ್ಮ ಹೋಟೆಲ್ ಕೆಲಸಗಾರರು ಆರು ಮಂದಿ ಕೂಡಿ ಇದ್ದಾರೆ. ಅವರಲ್ಲಿ ಒಬ್ಬ ಸಪ್ಲೈಯರ್ ಹುಡುಗನ ತಾಯಿ ಹಾಸನದ ಕಡೆಯ ಹಳ್ಳಿಯಿಂದ ಮಗನನ್ನು ನೋಡಲು ಬಂದಿದ್ದರು. ತಾಯಿ ಮಗ ಇಬ್ಬರೂ ಮರೀನಾ ಕಡಲತೀರದಲ್ಲಿ ಫೋಟೋ ತೆಗೆಸಿಕೊಂಡು ಆಗಷ್ಟೇ ಹಿಂದಿರುಗಿದ್ದರು. ಫೋಟೋಕ್ಕೆ ನಿಂತಾಗ ಮಗ, "ಅವ್ವಾ, ಸೆರಗು ಕೈಮೇಲೆ ಎಳ್ಕೊ, ಹಚ್ಚೆ ಕಾಣ್ತದೆ" ಎಂದನಂತೆ. ಆ ತಾಯಿ ನನ್ನೆದುರಿಗೇ ಮಗನ ತೋಳು ಹಿಡಿದು, "ನನ್ನ ಕೈ ಮುಚ್ಕೊ ಅಂತಾನೆ. ಇವನ ತೋಳ ಮೇಲಿರೋ ಹದ್ದು ಏನಣ್ಣ ಮತ್ತೆ? ಅದಕ್ಕೆ ಎರಡು ಸಾವಿರ ಕೊಟ್ಟವ್ನಂತೆ" ಎಂದರು. ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಹಿಂದಿರುಗುವಾಗ ಬಸ್ಸಿನಲ್ಲಿ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಅಂಗಡಿಯಲ್ಲಿ ಯಂತ್ರದಿಂದ ಬರೆಸಿಕೊಂಡರೆ ಅದು ಕಲೆ, ಅದಕ್ಕೆ ಸಾವಿರಗಟ್ಟಲೆ ಬೆಲೆ. ಹಳ್ಳಿಯ ಜಗಲಿಯ ಮೇಲೆ ಕೊರವರ ಹೆಂಗಸು ಸೂಜಿಯಿಂದ ಚುಚ್ಚಿದರೆ ಅದು ಮುಚ್ಚಿಡಬೇಕಾದ ಗುರುತು. ಈ ಭೇದವನ್ನು ಮಾಡಿದವರು ಯಾರು? ಕೈಕೆಲಸದ ಬೆಲೆ ಬಲ್ಲ ನಾವು, ಹೋಟೆಲಿನಲ್ಲಿಯೂ ಮಿಲ್ಲಿನಲ್ಲಿಯೂ ದುಡಿದು ಉಣ್ಣುವ ನಾವು, ಇದನ್ನು ಒಪ್ಪಬಹುದೇ? ಒಪ್ಪಬಾರದು ಎಂಬುದೇ ಈ ಲೇಖನದ ವಾದ.

ಮೊದಲು ಹೆಸರಿನ ಮಾತು. ತಮಿಳರು ಇದಕ್ಕೆ 'ಪಚ್ಚೈ ಕುತ್ತುದಲ್' ಎನ್ನುತ್ತಾರೆ, ಅಂದರೆ ಹಸಿರು ಚುಚ್ಚುವುದು. ನಮ್ಮ ಹಚ್ಚೆಯೂ ಅದೇ ಪಚ್ಚೆ. ತಮಿಳಿನ ಪಾಲು ಕನ್ನಡದಲ್ಲಿ ಹಾಲಾದಂತೆ, ಪಲ್ಲು ಹಲ್ಲಾದಂತೆ, ಪಚ್ಚೆ ಹಚ್ಚೆಯಾಯಿತು. ಪೆರಂಬೂರಿನ ತಮಿಳು ಅಜ್ಜಿಯ ಕೈಮೇಲಿನದೂ ಹಾಸನದ ಅಜ್ಜಿಯ ಕೈಮೇಲಿನದೂ ಒಂದೇ ಮಾತು, ಒಂದೇ ಕಸಬು. ಎರಡು ನಾಡುಗಳಲ್ಲಿಯೂ ಅದನ್ನು ಊರೂರು ನಡೆದು ಮಾಡುತ್ತಿದ್ದವರಲ್ಲಿ ಮುಖ್ಯರು ಕೊರವರ ಹೆಂಗಸರು. ನಮ್ಮಲ್ಲಿ ಕೊರವರು, ಕೊರಮರು, ಕೊರಚರು ಎಂದು ಕರೆಯಿಸಿಕೊಳ್ಳುವ ಜನರು ಇವರು.

ಈ ಕೆಲಸದಲ್ಲಿ ಕೌಶಲ ಎಲ್ಲಿದೆ, ಸೂಜಿಯಿಂದ ಚುಚ್ಚಿ ಮಸಿ ಬಳಿದರೆ ಆಯಿತಲ್ಲ ಎಂದು ಕೆಲವರು ಕೇಳಬಹುದು. ದೋಸೆ ಹುಯ್ಯುವುದರಲ್ಲಿ ಏನಿದೆ, ಹಿಟ್ಟು ಸುರಿದರೆ ಆಯಿತಲ್ಲ ಎಂದು ಕೇಳುವ ಗಿರಾಕಿಯ ಹಾಗೆಯೇ ಇದೂ. ಕಾವಲಿಯ ಕಾವನ್ನು ನೀರು ಚಿಮುಕಿಸಿ ತಿಳಿಯುವ ಭಟ್ಟರಿಗೆ ಗೊತ್ತು, ಎಳೆ ಕಡಿದಾಗ ಕಣ್ಣು ಮುಚ್ಚಿ ತೆರೆಯುವುದರೊಳಗೆ ಜೋಡಿಸುವ ಮಿಲ್ಲಿನ ಕೆಲಸಗಾರನಿಗೆ ಗೊತ್ತು: ಸುಲಭವೆಂದು ಕಾಣುವ ಕೆಲಸದ ಹಿಂದೆ ಎಷ್ಟು ವರ್ಷದ ಕೈ ಇರುತ್ತದೆ ಎಂಬುದು.

ನಮ್ಮ ಚರ್ಮದ ಮೇಲಿನ ತೆಳು ಪದರ ಸತತವಾಗಿ ಉದುರುತ್ತ ಹೊಸದಾಗುತ್ತ ಇರುತ್ತದೆ. ಮಸಿ ಅಲ್ಲಿಯೇ ನಿಂತರೆ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ. ಅದರ ಕೆಳಗಿನ ಪದರಕ್ಕೆ, ಅಂದರೆ ಒಂದರಿಂದ ಎರಡು ಮಿಲಿಮೀಟರ್ ಆಳಕ್ಕೆ, ಅದು ಇಳಿಯಬೇಕು. ಇನ್ನೂ ಆಳಕ್ಕೆ ಹೋದರೆ ರಕ್ತ ಹೆಚ್ಚು ಬರುತ್ತದೆ, ಮಸಿ ಹರಡಿ ಗೆರೆ ಕಲೆಸಿಹೋಗುತ್ತದೆ. ಮೊಣಕೈಯ ಚರ್ಮ ಒಂದು ದಪ್ಪ, ಮುಂಗೈಯದು ಇನ್ನೊಂದು, ಗಲ್ಲದ್ದು ಮತ್ತೊಂದು. ಮುದುಕಿಯದು ಬೇರೆ, ಮಗುವಿನದು ಬೇರೆ. ಅಳತೆಗೋಲಿಲ್ಲದೆ, ಯಂತ್ರವಿಲ್ಲದೆ, ಬೆರಳ ತುದಿಯ ಸ್ಪರ್ಶದಿಂದಲೇ ಹಚ್ಚೆಯವಳು ಸಾವಿರಾರು ಬಾರಿ ಅದೇ ಆಳಕ್ಕೆ ಸೂಜಿಯನ್ನು ಇಳಿಸಬೇಕು. ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು. ಒಂದು ಚುಕ್ಕೆ ತಪ್ಪಿದರೆ ಒರೆಸಿ ಹಾಕುವಂತಿಲ್ಲ. ಅದು ಆ ಹೆಂಗಸಿನ ಜೀವಮಾನವಿಡೀ ಉಳಿಯುವ ತಪ್ಪು.

ಕಪ್ಪು ಮಸಿ ಹಸಿರಾಗಿ ಕಾಣುವುದೂ ಚರ್ಮದ ಆಟವೇ. ಮಸಿಯ ಮೇಲಿನ ಚರ್ಮವನ್ನು ಹಾದು ಬರುವ ಬೆಳಕು ಚದುರಿ, ನಮ್ಮ ಕಣ್ಣಿಗೆ ನೀಲಿ ಹಸಿರು ಛಾಯೆ ಬೀಳುತ್ತದೆ. ಮಸಿ ಉಳಿಯುವುದು ಹೇಗೆ ಎಂಬುದಕ್ಕೆ 2018ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಉತ್ತರ ಕೊಟ್ಟರು. ಚರ್ಮದಲ್ಲಿ ಕಾವಲು ಕಾಯುವ ಜೀವಕೋಶಗಳು ಮಸಿಯ ಕಣಗಳನ್ನು ನುಂಗಿ ಹಿಡಿದಿರುತ್ತವೆ. ಒಂದು ಸತ್ತರೆ ಅದು ಬಿಟ್ಟ ಮಸಿಯನ್ನು ಹೊಸದಾಗಿ ಬಂದದ್ದು ಎತ್ತಿಕೊಳ್ಳುತ್ತದೆ. ಒಂದು ಪಾಳಿ ಮುಗಿಸಿದವನು ಮುಂದಿನ ಪಾಳಿಯವನಿಗೆ ಕೆಲಸ ಒಪ್ಪಿಸಿ ಹೋದಂತೆ!

ಮಸಿ ಮಾಡುವುದೂ ಒಂದು ವಿದ್ಯೆ. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಾಧಿಕಾರಿಯಾಗಿದ್ದ ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಮೇಲೆ ಏಳು ಸಂಪುಟಗಳನ್ನು ಪ್ರಕಟಿಸಿದರು. ಅದರಲ್ಲಿ ಕೊರವರ ಹಚ್ಚೆಯ ಮಸಿಯ ವಿಧಾನವಿದೆ. ಅರಿಸಿನದ ಪುಡಿಯನ್ನೂ ಅಗಸೆ ಮರದ ಸೊಪ್ಪನ್ನೂ, ತಮಿಳರು ಅಗತ್ತಿ ಎನ್ನುವ ಸೊಪ್ಪನ್ನು, ಸೇರಿಸಿ ಅರೆದು ತೆಳು ಬಟ್ಟೆಯಲ್ಲಿಟ್ಟು ಬತ್ತಿ ಹೊಸೆಯುತ್ತಾರೆ. ಹರಳೆಣ್ಣೆಯ ಹಣತೆಯಲ್ಲಿ ಅದನ್ನು ಹಚ್ಚಿ, ಮೇಲೆ ಹೊಸ ಮಡಕೆ ಕವುಚುತ್ತಾರೆ. ಮಡಕೆಯ ಒಳಮೈಗೆ ಹಿಡಿದ ಕಾಡಿಗೆಯನ್ನು ಕೆರೆದು ನೀರಿನಲ್ಲಿ ಅಥವಾ ಎದೆಹಾಲಿನಲ್ಲಿ ಕಲೆಸುತ್ತಾರೆ. ಹಲವು ಸೂಜಿಗಳನ್ನು ದಾರದಿಂದ ಒಟ್ಟಿಗೆ ಕಟ್ಟಿದರೆ ಅದೇ ಉಪಕರಣ. ಚುಚ್ಚುವಾಗ ನೋವು ಮರೆಯಲೆಂದು ಹಾಡು. ಕಾಡಿಗೆ ಮಾಡುವವಳು, ಚಿತ್ರ ಬರೆಯುವವಳು, ಚುಚ್ಚುವವಳು, ಹಾಡುವವಳು ಎಲ್ಲ ಒಬ್ಬಳೇ. ಚೇಳು, ನವಿಲು, ತುಳಸಿಕಟ್ಟೆ, ರಂಗೋಲಿಯ ಎಳೆಗಳು ಅವಳ ತಲೆಯಲ್ಲಿಯೇ ಇರುತ್ತಿದ್ದವು. ಕೂಲಿ ಮೊರದಲ್ಲಿ ರಾಗಿಯೋ ಅಕ್ಕಿಯೋ, ಎಲೆ ಅಡಿಕೆ, ನಾಲ್ಕು ಕಾಸು.

ಈ ಕಸಬು ಎಷ್ಟು ಹಳೆಯದು? 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸುಮಾರು 5,300 ವರ್ಷ ಹಿಂದಿನ ಒಬ್ಬ ಮನುಷ್ಯನ ದೇಹ ಸಿಕ್ಕಿತು. ಅದರ ಮೇಲೆ 61 ಹಚ್ಚೆ ಗುರುತುಗಳಿದ್ದವು. ಅವು ಮೊನೆಯುಳ್ಳ ಉಪಕರಣದಿಂದ ಕೈಯಲ್ಲಿ ಚುಚ್ಚಿದವೆಂದು 2024ರಲ್ಲಿ ಪ್ರಕಟವಾದ ಸಂಶೋಧನೆ ಹೇಳುತ್ತದೆ. ವಿದ್ಯುತ್ ಯಂತ್ರವಾದರೋ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಪೇಟೆಂಟ್ ಪಡೆದದ್ದು. ಯಂತ್ರಕ್ಕೆ ನೂರಮೂವತ್ತು ಚಿಲ್ಲರೆ ವರ್ಷ. ಕೈಗೆ ಐದು ಸಾವಿರಕ್ಕೂ ಮಿಗಿಲು.

ಇಂಥ ಕುಶಲಿಗಳಿಗೆ ಆಳುವವರು ಕೊಟ್ಟ ಮರ್ಯಾದೆ ಏನು? 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ತಂದಿತು. 1911ರ ಕಾಯಿದೆಯ ಮೂಲಕ ಅದು ಮದರಾಸು ಪ್ರಾಂತಕ್ಕೂ ಬಂತು. ಕೊರವರ ಹಲವು ಪಂಗಡಗಳು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಯಲ್ಲಿ ಸೇರಿದವು. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಪೊಲೀಸರಿಗೆ ಹಾಜರಿ ಹಾಕಬೇಕು. ಊರಿಂದೂರಿಗೆ ನಡೆದರಷ್ಟೇ ಅನ್ನ ಹುಟ್ಟುವ ಕಸಬಿನವರಿಗೆ ಊರು ಬಿಡುವುದೇ ಅಪರಾಧವಾದರೆ ಬದುಕು ಹೇಗೆ? ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರಲ್ಲಿ, ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಕಾಗದದ ಮೇಲಿನದು ಅಳಿಯಿತು. ಜನರ ಮನಸ್ಸಿನ ಮೇಲೆ ಚುಚ್ಚಿದ ಆ ಹಚ್ಚೆ ಇನ್ನೂ ಪೂರ್ತಿ ಅಳಿದಿಲ್ಲ.

ನಮ್ಮ ನಡತೆಯನ್ನೇ ನೋಡಿಕೊಳ್ಳೋಣ. ರಂಗದ ಮೇಲಿನ ಕೊರವಂಜಿ ನಮಗೆ ಪ್ರಿಯಳು. ಇದೇ ನಗರದಲ್ಲಿ 1944ರಲ್ಲಿ ರುಕ್ಮಿಣೀದೇವಿಯವರ ಕಲಾಕ್ಷೇತ್ರ ಕುಟ್ರಾಲ ಕುರವಂಜಿಯನ್ನು ನೃತ್ಯನಾಟಕವಾಗಿ ಆಡಿಸಿತು. ಕನ್ನಡದಲ್ಲಿ ರಾಶಿಯವರು 1942ರಿಂದ 1967ರವರೆಗೆ ನಡೆಸಿದ ಹಾಸ್ಯ ಮಾಸಪತ್ರಿಕೆಯ ಹೆಸರೇ 'ಕೊರವಂಜಿ'. ವೇಷದ ಕೊರವಂಜಿಗೆ ಚಪ್ಪಾಳೆ ತಟ್ಟಿ ಮನೆಗೆ ಬಂದವರು ಬಾಗಿಲಲ್ಲಿ ನಿಂತ ನಿಜವಾದ ಕೊರವಂಜಿಯನ್ನು, "ಮುಂದಕ್ಕೆ ಹೋಗು" ಎಂದು ಗದರಿಸಿ ಕಳಿಸಿದರು. ಹನ್ನೆರಡನೆಯ ಶತಮಾನದಲ್ಲಿ ಹುಲ್ಲಿನಿಂದ ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರು ಶರಣರ ಸಾಲಿನಲ್ಲಿ ಸಮಾನರಾಗಿ ಕುಳಿತರು. ಕೊರಮ ಜನರು ಅವರನ್ನು ತಮ್ಮ ಹಿರಿಯರೆಂದು ಗೌರವಿಸುತ್ತಾರೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಭಾಷಣ ಮಾಡುವ ನಾವು ಆ ಮಾತನ್ನು ಹಚ್ಚೆಯವಳ ತನಕ ಒಯ್ದಿದ್ದೇವೆಯೇ?

ಇದಕ್ಕೆ ಎದುರು ಮಾತುಗಳೂ ಉಂಟು, ಅವನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯ ಹಚ್ಚೆಯಲ್ಲಿ ಎಲ್ಲವೂ ಚೆಂದವಾಗಿರಲಿಲ್ಲ. ಎಷ್ಟೋ ಹೆಣ್ಣುಮಕ್ಕಳನ್ನು ಎಳೆಯ ವಯಸ್ಸಿನಲ್ಲಿ ಹಿಡಿದು ಕೂರಿಸಿ, ಅಳುತ್ತಿರುವಾಗಲೇ ಚುಚ್ಚಿಸಿದ್ದಾರೆ. ಚಿನ್ನ ಬೆಳ್ಳಿ ಇಲ್ಲೇ ಉಳಿಯುತ್ತದೆ, ಸತ್ತಮೇಲೆ ಜೊತೆಗೆ ಬರುವುದು ಹಚ್ಚೆ ಒಂದೇ ಎಂಬ ನಂಬಿಕೆ ಬಡವರ ಸಮಾಧಾನವೂ ಹೌದು, ಒತ್ತಾಯದ ನೆಪವೂ ಹೌದು. ಬೇಡವೆನ್ನುವ ಮಗುವಿನ ಮೈಮೇಲೆ ಯಾರೂ ಬರೆಯಬಾರದು. ಬೇಕೆನ್ನುವ ವಯಸ್ಕರಿಗೆ ಬರೆಯುವ ಕಸಬು ಮಾತ್ರ ಗೌರವದ ಕಸಬು.

ಎರಡನೆಯದು ಆರೋಗ್ಯದ ಮಾತು. ಒಂದೇ ಸೂಜಿಕಟ್ಟು ಕೈಯಿಂದ ಕೈಗೆ ಹೋದರೆ ಕಾಮಾಲೆ ತರುವ ಹೆಪಟೈಟಿಸ್ ಬಿ, ಸಿ ರೋಗಾಣುಗಳೂ ಏಡ್ಸ್ ತರುವ ಎಚ್‌ಐವಿಯೂ ರಕ್ತದಿಂದ ರಕ್ತಕ್ಕೆ ದಾಟಬಲ್ಲವು. ಜಾತ್ರೆಯಲ್ಲಾಗಲಿ, ಗಾಜಿನ ಬಾಗಿಲಿನ ಅಂಗಡಿಯಲ್ಲಾಗಲಿ, ಕೈಯಿಂದಾಗಲಿ, ಯಂತ್ರದಿಂದಾಗಲಿ, ಈ ಅಪಾಯ ಒಂದೇ. ಆದ್ದರಿಂದ ನಮ್ಮ ಯುವಕ ಮಿತ್ರರು ಒಂದು ಮಾತು ನೆನಪಿಡಲಿ: ಕಣ್ಣೆದುರಿಗೆ ಪೊಟ್ಟಣ ಒಡೆದು ತೆಗೆದ ಹೊಸ ಸೂಜಿ, ನಿಮಗೆಂದೇ ಬೇರೆ ಬಟ್ಟಲಿನಲ್ಲಿ ಸುರಿದ ಮಸಿ, ಹೊಸ ಕೈಗವಸು ಇಲ್ಲವಾದರೆ ಎದ್ದು ಬನ್ನಿ. ಚುಚ್ಚಿಸಿಕೊಂಡ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದು 2017ರ ರಾಷ್ಟ್ರೀಯ ಮಾರ್ಗಸೂಚಿ. ರಕ್ತದಾನ ಶಿಬಿರಕ್ಕೆ ಹೋಗುವವರು ಇದನ್ನು ಮುಚ್ಚಿಡಬಾರದು.

ಹಚ್ಚೆಯವಳಿಗೆ ಶುಚಿತ್ವ ತಿಳಿಯದು, ಆದ್ದರಿಂದ ಅವಳ ಕಸಬು ಹೋಗಲಿ ಎನ್ನುವವರಿಗೆ ನಮ್ಮ ಉತ್ತರ ಇದು. ಹೋಟೆಲಿನ ಅಡಿಗೆಮನೆಯಲ್ಲಿ ಕೊಳಕಿದೆ ಎಂದು ಭಟ್ಟರನ್ನು ಮನೆಗೆ ಕಳಿಸುತ್ತೇವೆಯೇ? ನೀರು, ಗಾಳಿ, ಸಾಮಾನು, ತರಬೇತಿ ಕೊಡಿ ಎಂದು ಕೇಳುತ್ತೇವೆ. ಆಳ ತಿಳಿದ ಕೈ ಅವಳಲ್ಲಿ ಈಗಾಗಲೇ ಇದೆ. ಹೊಸ ಸೂಜಿಯನ್ನೂ ಕೈಗವಸನ್ನೂ ಬಳಸುವುದನ್ನು ಕಲಿಸಲು ಎಷ್ಟು ದಿನ ಬೇಕು?

ಇಲ್ಲಿಗೆ ಮುಖ್ಯ ವಿಷಯಕ್ಕೆ ಬಂದೆವು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. ಕೈಕಸುಬಿನವರಿಗೆ ಗುರುತಿನ ಚೀಟಿ, ದಿನಕ್ಕೆ 500 ರೂಪಾಯಿ ಭತ್ಯೆಯೊಡನೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5 ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ ಎಂದಿದೆ. ಪಟ್ಟಿಯಲ್ಲಿ 18 ಕಸಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ದರ್ಜಿ, ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು ಇದ್ದಾರೆ. ಹಚ್ಚೆ ಚುಚ್ಚುವವರು ಇಲ್ಲ! ಕೊರಮರ ಹೆಂಗಸು ಬುಟ್ಟಿ ಹೆಣೆದರೆ ಕುಶಲಿ, ಅದೇ ಕೈಯಲ್ಲಿ ಹಚ್ಚೆ ಚುಚ್ಚಿದರೆ ಯಾರೂ ಅಲ್ಲ. ತಮಿಳುನಾಡು ಸರ್ಕಾರ ಕೇಂದ್ರದ ಯೋಜನೆಯನ್ನು ಒಪ್ಪದೆ 2025ರಲ್ಲಿ 'ಕಲೈಞರ್ ಕೈವಿನೈ ತಿಟ್ಟಂ' ಎಂಬ ತನ್ನದೇ ಯೋಜನೆಯನ್ನು ತಂದಿದೆ. ಪಟ್ಟಿ ಯಾವ ಸರ್ಕಾರದ್ದಾದರೂ ಆಗಲಿ, ಹಚ್ಚೆ ಎಂಬ ಕಸಬು ಅದರಲ್ಲಿ ತನ್ನ ಹೆಸರಿನಿಂದಲೇ ಇರಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಕೆಲಸಕ್ಕೆ ತರಬೇತಿಯಿಲ್ಲ, ಸಾಲವಿಲ್ಲ, ಮುಪ್ಪಿನಲ್ಲಿ ಕೇಳುವವರಿಲ್ಲ.

ಈಗ ನಗರಗಳಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ಯಂತ್ರ ಸಾಕಾದ ಸಿರಿವಂತರು ಕೈಯಿಂದಲೇ ಚುಚ್ಚುವವರನ್ನು ಹುಡುಕುತ್ತಿದ್ದಾರೆ. ಹಳೆಯ ಕೆಲಸಕ್ಕೆ ಹೊಸ ಇಂಗ್ಲಿಷ್ ಹೆಸರು, ಹೊಸ ದರ. ಕಲಿತು ಮಾಡುವವರ ಮೇಲೆ ನಮಗೆ ಅಸೂಯೆಯಿಲ್ಲ, ಅವರೂ ದುಡಿಯುವವರೇ. ಆದರೆ ಈ ವಿದ್ಯೆಯನ್ನು ತಾಯಿಯಿಂದ ಮಗಳಿಗೆ ಸಾಗಿಸಿ ಉಳಿಸಿದವಳು ಬಸ್ ನಿಲ್ದಾಣದಲ್ಲಿ ಪಿನ್ನು ಬಾಚಣಿಗೆ ಮಾರುತ್ತ ಕೂತಿರುವಾಗ, ಅವಳ ಕಸಬು ಗಾಜಿನ ಬಾಗಿಲಿನ ಹಿಂದೆ ಸಾವಿರಕ್ಕೆ ಮಾರಾಟವಾಗುವುದು ನ್ಯಾಯವೇ?

ಸಂಘಟನೆ ಇಲ್ಲದ ಕೌಶಲಕ್ಕೆ ಕೂಲಿ ಇಲ್ಲ ಎಂಬುದನ್ನು ಈ ನಗರಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1918ರ ಏಪ್ರಿಲ್ 27ರಂದು ಬಿ.ಪಿ. ವಾಡಿಯಾ ಅವರ ಅಧ್ಯಕ್ಷತೆಯಲ್ಲಿ ಮದರಾಸು ಲೇಬರ್ ಯೂನಿಯನ್ ಇಲ್ಲಿಯೇ ಹುಟ್ಟಿತು. ಅದಕ್ಕೆ ಮೊದಲು ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರನ ಕೈಚಳಕ ಕಡಿಮೆಯೇನೂ ಇರಲಿಲ್ಲ. ಅವನ ಪರವಾಗಿ ಮಾತನಾಡುವ ಸಂಘವಿರಲಿಲ್ಲ, ಅಷ್ಟೆ. ಆ ಮಿಲ್ಲುಗಳು 1996ರಲ್ಲಿ ಮುಚ್ಚಿದವು, ಪಾಠ ಉಳಿದಿದೆ.

ನಮ್ಮ ಸಂಘ ಮಾಡಬಹುದಾದ ಕೆಲಸ ದೊಡ್ಡದಲ್ಲ. ಹಚ್ಚೆಯನ್ನು ಕಸುಬುಗಳ ಪಟ್ಟಿಗೆ ಸೇರಿಸಬೇಕೆಂದು ಮುಂದಿನ ಮಹಾಸಭೆಯಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೂ ಎರಡು ರಾಜ್ಯ ಸರ್ಕಾರಗಳಿಗೂ ಕಳಿಸಬಹುದು. ಅಸಂಘಟಿತ ಕೆಲಸಗಾರರಿಗಾಗಿ 2021ರಲ್ಲಿ ತೆರೆದ ಇ-ಶ್ರಮ್ ದಾಖಲೆಯಲ್ಲಿ 16ರಿಂದ 59 ವಯಸ್ಸಿನವರು ಹೆಸರು ಬರೆಸಬಹುದು. ನಮ್ಮ ಓಣಿಗಳಲ್ಲಿ ಸುತ್ತುವ ಹಚ್ಚೆಯ ಹೆಂಗಸರಿಗೆ ಅದನ್ನು ತಿಳಿಸಿ, ಜೊತೆಗೆ ಹೋಗಿ ಬರೆಸಬಹುದು. ಊರಿಗೆ ಹೋದಾಗ ಅಜ್ಜಿಯ ಕೈ ಹಿಡಿದು, ಈ ಚೇಳು ಯಾರು ಹಾಕಿದರು, ಯಾವ ಹಾಡು ಹಾಡಿದರು ಎಂದು ಕೇಳಿ ಬರೆದು ತಂದರೆ ಈ ಪತ್ರಿಕೆ ಅಚ್ಚು ಹಾಕುತ್ತದೆ.

ಕೊನೆಗೆ ಆ ಸಪ್ಲೈಯರ್ ತಮ್ಮನಿಗೆ ಒಂದು ಮಾತು. ನಿನ್ನ ತೋಳಿನ ಹದ್ದು ಚೆನ್ನಾಗಿದೆ, ಇರಲಿ. ನಿಮ್ಮ ತಾಯಿಯ ಕೈಮೇಲಿರುವುದೂ ಒಬ್ಬ ಕೆಲಸಗಾರ್ತಿಯ ಕೆಲಸವೇ. ಅವಳಿಗೆ ಸರಿಯಾದ ಕೂಲಿಯನ್ನು ಯಾರೂ ಕೊಡಲಿಲ್ಲ. ಮುಂದಿನ ಸಲ ಅವರು ಬಂದಾಗ ಇನ್ನೊಂದು ಫೋಟೋ ತೆಗೆಸು, ಸೆರಗು ಎಳೆಯದೆ.