ಮಾರ್ಕೆಟಿಂಗ್ ಬಾಲಪಾಠ – 4: ಐದು ರೂಪಾಯಿ ಅಲ್ಲೇ ಇದೆ, ಬಿಸ್ಕತ್ತು ಎಲ್ಲಿ ಹೋಯ್ತು?

(1/6)
ನಮ್ಮಪ್ಪಂದು ಕಿರಾಣಿ ಅಂಗಡಿ. ರಜೆಗೆ ಊರಿಗೆ ಹೋದ್ರೆ ಗಲ್ಲಾದಲ್ಲಿ ನಾನೇ ಕೂರೋದು. ಕಳೆದ ಸಲ ಹಿಂದಿನ ಬೀದಿ ಅಜ್ಜಿಯೊಬ್ರು ಮೊಮ್ಮಗನಿಗೆ ಅಂತ ಐದು ರೂಪಾಯಿ ಬಿಸ್ಕತ್ತು ತಗೊಂಡ್ರು. ಪ್ಯಾಕೆಟ್ ಅಂಗೈಲಿ ಇಟ್ಕೊಂಡು ನೋಡಿ, ಅಪ್ಪನ ಕಡೆ ತಿರುಗಿ, "ಏನಪ್ಪಾ, ನಿಮ್ಮಂಗಡೀಲಿ ಎಲ್ಲಾ ಹಗುರ ಆಗ್ತಿದೆಯಲ್ಲ?" ಅಂದ್ರು. ಅಪ್ಪ ನಕ್ಕು ಸುಮ್ಮನಾದ್ರು. ಹಗುರ ಮಾಡಿದ್ದು ಫ್ಯಾಕ್ಟರಿ. ಮಾತು ಕೇಳಿದ್ದು ಅಪ್ಪ.

ಇದನ್ನ "ಜಾಣ ಮಾರ್ಕೆಟಿಂಗ್" ಅಂತ ಕ್ಲಾಸ್‌ನಲ್ಲಿ ಹೊಗಳ್ತಾರೆ. ನಾನು ಒಪ್ಪಲ್ಲ. ಯಾಕೆ ಅಂತ ಓದಿ 👇

(2/6)
ಮಾರ್ಕೆಟಿಂಗ್‌ನ ಮೊದಲ ಪಾಠ ನಾಲ್ಕು 'ಪಿ'ಗಳು: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. 1960ರಲ್ಲಿ ಅಮೆರಿಕದ ಪ್ರೊಫೆಸರ್ ಜೆರೋಮ್ ಮೆಕಾರ್ಥಿ ತಮ್ಮ ಪಠ್ಯಪುಸ್ತಕದಲ್ಲಿ ಹೀಗೆ ವಿಂಗಡಿಸಿದ್ರು. ಇದರಲ್ಲಿ ಪ್ರೈಸ್ ಅಂದ್ರೆ ಏನು? ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಂತೀವಿ. ಅದು ಅರ್ಧ ಉತ್ತರ. ಕೊಟ್ಟ ದುಡ್ಡಿಗೆ ಎಷ್ಟು ಪದಾರ್ಥ ಸಿಕ್ತು ಅನ್ನೋದೇ ನಿಜವಾದ ಬೆಲೆ.

ಒಂದು ಲೆಕ್ಕ ಹಾಕೋಣ. 60 ಗ್ರಾಂ ಬಿಸ್ಕತ್ತಿಗೆ ₹5 ಇತ್ತು ಅಂದ್ಕೊಳ್ಳಿ. ಕಂಪನಿ ಅದನ್ನ ₹6 ಮಾಡಿದ್ರೆ ಗ್ರಾಂಗೆ 10 ಪೈಸೆ ಬೀಳುತ್ತೆ. ಊರೆಲ್ಲಾ ಗಲಾಟೆ. ₹5 ಹಾಗೇ ಬಿಟ್ಟು ತೂಕ 50 ಗ್ರಾಂಗೆ ಇಳಿಸಿದ್ರೆ? ಆಗಲೂ ಗ್ರಾಂಗೆ ಅದೇ 10 ಪೈಸೆ! ಎರಡೂ ಶೇ. 20 ಬೆಲೆ ಏರಿಕೆಯೇ. ಒಂದು ಕಣ್ಣಿಗೆ ಕಾಣುತ್ತೆ, ಇನ್ನೊಂದು ಕಾಣಲ್ಲ.

(3/6)
ಕಾಣಲ್ಲ ಅನ್ನೋದು ಆಕಸ್ಮಿಕ ಅಲ್ಲ. ಗ್ರಾಹಕ ವರ್ತನೆಯ ಪಾಠದಲ್ಲಿ ಇದಕ್ಕೊಂದು ಹೆಸರೇ ಇದೆ: ಜಸ್ಟ್ ನೋಟಿಸಬಲ್ ಡಿಫರೆನ್ಸ್. ಅಂದ್ರೆ ನಮ್ಮ ಅರಿವಿಗೆ ಬರೋ ಅತಿ ಚಿಕ್ಕ ವ್ಯತ್ಯಾಸ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅರ್ನ್ಸ್ಟ್ ವೆಬರ್ ಜನರ ಕೈಗೆ ತೂಕಗಳನ್ನ ಕೊಟ್ಟು ಪರೀಕ್ಷೆ ಮಾಡಿದ್ರು. ವ್ಯತ್ಯಾಸ ತಿಳಿಯೋದು ಅದು ಮೊದಲಿನ ತೂಕದ ಎಷ್ಟು ಪಾಲು ಅನ್ನೋದರ ಮೇಲೆ ಅಂತ ತೋರಿಸಿದ್ರು.

ಮನುಷ್ಯನನ್ನ ಅರ್ಥ ಮಾಡ್ಕೊಳ್ಳೋಕೆ ಹುಟ್ಟಿದ ವಿದ್ಯೆ ಅದು. ಈಗ ಅದೇ ವಿದ್ಯೆ ನಮಗೆ ಎಷ್ಟು ಕಮ್ಮಿ ಕೊಟ್ರೆ ಗೊತ್ತಾಗಲ್ಲ ಅಂತ ಲೆಕ್ಕ ಹಾಕೋಕೆ ಬಳಕೆ ಆಗ್ತಿದೆ. ಒಂದೊಂದು ಸಲಕ್ಕೆ ಮೂರು ಗ್ರಾಂ, ನಾಲ್ಕು ಗ್ರಾಂ. ಅಜ್ಜಿ ಕೈಗೆ ಗೊತ್ತಾಗೋ ಹೊತ್ತಿಗೆ ಎಷ್ಟೋ ಸಲ ಇಳಿದಾಗಿರುತ್ತೆ.

(4/6)
"ಗೋಧಿ, ಎಣ್ಣೆ, ಸಕ್ಕರೆ ರೇಟು ಏರಿದ್ರೆ ಕಂಪನಿ ಏನ್ ಮಾಡ್ಬೇಕು? ಬಡವರ ಕೈಗೆ ಐದು ರೂಪಾಯಿಗೇ ಸಿಗಲಿ ಅಂತ ತಾನೇ?" ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಖರ್ಚು ಏರುತ್ತೆ, ಐದರ ನಾಣ್ಯಕ್ಕೆ ಚಿಲ್ಲರೆ ತಾಪತ್ರಯವೂ ಇಲ್ಲ. ಬೆಲೆ ಏರಿಸಬೇಡಿ ಅಂತ ನಾನು ಹೇಳ್ತಿಲ್ಲ. ಏರಿಸಿದ್ದನ್ನ ಬಚ್ಚಿಡಬೇಡಿ ಅಂತಿದ್ದೀನಿ.

ತೂಕ ಜಾಸ್ತಿ ಮಾಡಿದಾಗ "20% ಎಕ್ಸ್‌ಟ್ರಾ" ಅಂತ ಮುಖದ ಮೇಲೇ ದಪ್ಪಕ್ಷರದಲ್ಲಿ ಹೊಡೀತೀರಿ. ಇಳಿಸಿದಾಗ ಮಾತ್ರ ಮೌನ ಯಾಕೆ? ಕೊಡುವಾಗ ಡಂಗುರ, ಕಿತ್ಕೊಳ್ಳುವಾಗ ಪಿಸುಮಾತು. ಇದಕ್ಕೆ ಬಡವರ ಕಾಳಜಿ ಅನ್ನೋ ಹೆಸರು ಬೇಡ.

(5/6)
"ತೂಕ ಪ್ರಿಂಟ್ ಆಗಿರುತ್ತೆ, ನೋಡಿ ತಗೊಳ್ಳಿ" ಅನ್ನೋರಿಗೆ ಈ ಸ್ಲೈಡ್.

ಮೊದಲು ಬಿಸ್ಕತ್ತು, ಟೀಪುಡಿ ಥರದ ಪದಾರ್ಥಗಳನ್ನ ಇಂತಿಂಥ ತೂಕದಲ್ಲೇ ಪ್ಯಾಕ್ ಮಾಡ್ಬೇಕು ಅಂತ ಕಾನೂನಿನಲ್ಲಿ ಪಟ್ಟಿ ಇತ್ತು. 2021ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕ್ತು. ಬದಲಿಗೆ ಯೂನಿಟ್ ಸೇಲ್ ಪ್ರೈಸ್ ಬಂತು. ಒಂದು ಕೆಜಿಗಿಂತ ಚಿಕ್ಕ ಪ್ಯಾಕೆಟ್ ಮೇಲೆ ಗ್ರಾಂಗೆ ಎಷ್ಟು ಅಂತ ಬರೀಬೇಕು. ಒಳ್ಳೇದೇ. ಆದ್ರೆ ಅದನ್ನ ಎರಡು ದಶಮಾಂಶಕ್ಕೆ ಸರಿಹೊಂದಿಸಿ ಬರೀತಾರೆ. ಇಲ್ಲೇ ಇರೋದು ತೂತು.

₹5ಕ್ಕೆ 58 ಗ್ರಾಂ: ಗ್ರಾಂಗೆ ₹0.09.
₹5ಕ್ಕೆ 53 ಗ್ರಾಂ: ಗ್ರಾಂಗೆ ₹0.09.

ಐದು ಗ್ರಾಂ ಮಾಯ, ಪ್ರಿಂಟ್ ಆದ ನಂಬರ್ ಅದೇ! ಇದನ್ನೇ 100 ಗ್ರಾಂ ಲೆಕ್ಕದಲ್ಲಿ ಬರೆದ್ರೆ ಮೊದಲನೇದು ₹8.62, ಎರಡನೇದು ₹9.43. ತಕ್ಷಣ ಕಾಣುತ್ತೆ. ಕನ್ನಡಕ ಮನೇಲಿ ಬಿಟ್ಟು ಬಂದ ಅಜ್ಜಿಗೆ "ನೋಡಿ ತಗೊಳ್ಳಿ" ಅನ್ನೋಕೆ ಮುಂಚೆ, ನೋಡಿದ್ರೂ ತಿಳಿಯದ ಈ ನಂಬರ್ ಸರಿ ಮಾಡಿ.

(6/6)
ಫ್ರಾನ್ಸ್‌ನಲ್ಲಿ 2024ರ ಜುಲೈ 1ರಿಂದ ಒಂದು ನಿಯಮ ಇದೆ. ತೂಕ ಇಳಿದು ಗ್ರಾಂ ಲೆಕ್ಕದ ಬೆಲೆ ಏರಿದ್ರೆ, ದೊಡ್ಡ ಸೂಪರ್‌ಮಾರ್ಕೆಟ್‌ಗಳು ಆ ಪದಾರ್ಥದ ಹತ್ತಿರ ಎರಡು ತಿಂಗಳು ಬೋರ್ಡ್ ಹಾಕ್ಬೇಕು. ನಮ್ಮಲ್ಲಿ ಬೋರ್ಡ್ ಹಾಕೋ ಕೆಲಸ ಅಪ್ಪನಂಥ ಅಂಗಡಿಯವರ ತಲೆಗೆ ಕಟ್ಟೋದು ಬೇಡ, ಪ್ಯಾಕೆಟ್ ಮೇಲೇ ಬರಲಿ. ನಾನು ಕೇಳೋದು ಎರಡೇ:

✅ ತೂಕ ಇಳಿಸಿದ್ರೆ ಪ್ಯಾಕೆಟ್ ಮುಂಭಾಗದಲ್ಲೇ, ಕನ್ನಡದಲ್ಲೂ, ಹಳೇ ತೂಕ ಮತ್ತು ಹೊಸ ತೂಕ.
✅ ಚಿಕ್ಕ ಪ್ಯಾಕೆಟ್‌ಗಳ ಮೇಲೆ 100 ಗ್ರಾಂ ಲೆಕ್ಕದ ಬೆಲೆ.

"ಗ್ರಾಹಕನೇ ದೇವರು" ಅಂತ ಬೋರ್ಡ್ ಬರೆಸೋದು ಸುಲಭ. ದೇವರ ಪ್ರಸಾದದಲ್ಲೇ ಐದು ಗ್ರಾಂ ಕದ್ದು, ಪೂಜಾರಿ ಮೇಲೆ ಮಾತು ಬರೋ ಹಾಗೆ ಮಾಡೋದು ಯಾವ ಭಕ್ತಿ?

ಇವತ್ತು ಮನೇಲಿರೋ ಒಂದು ಪ್ಯಾಕೆಟ್ ತಿರುಗಿಸಿ, ತೂಕ ಓದಿ, ಫೋಟೋ ತೆಗೆದಿಟ್ಕೊಳ್ಳಿ. ಆರು ತಿಂಗಳಾದ್ಮೇಲೆ ಅದೇ ಪ್ಯಾಕೆಟ್ ತಗೊಂಡು ಹೋಲಿಸಿ. ನಿಮ್ಮನೇಲಿ ಯಾವುದು ಹಗುರ ಆಗಿದೆ? ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಪಾಠ: ₹99ರ ಮರ್ಮ.

#ಮಾರ್ಕೆಟಿಂಗ್_ಬಾಲಪಾಠ #ಗ್ರಾಹಕ #ಕನ್ನಡದಲ್ಲಿ_ಕಲಿಯೋಣ