ಸೈಬರ್ ಪಾಠಕ್ಕೆ ಗೇಮ್ ಇದೆ, ಆಡಿಸೋ ಮೇಷ್ಟ್ರಿಗೆ ತರಬೇತಿ ಎಲ್ಲಿ?

ಚೇಳೂರು: ಗುಬ್ಬಿ ತಾಲ್ಲೂಕಿನ ಚೇಳೂರು ಅಂದ್ರೆ ಹಲಸಿನ ಮಾರುಕಟ್ಟೆ. ಸೀಸನ್‌ನಲ್ಲಿ ಹಣ್ಣು ಲಾರಿ ಹತ್ತಿ ಹೋಗುತ್ತೆ, ದುಡ್ಡು ಊರಿಗೆ ಬರುತ್ತೆ. ಮೊದಲು ಆ ದುಡ್ಡು ಜೇಬಿಗೆ ಬರ್ತಿತ್ತು, ಈಗ ಫೋನಿಗೆ ಬರುತ್ತೆ. ಅಡಿಕೆ, ತೆಂಗಿನ ದುಡ್ಡೂ ಅಷ್ಟೇ, ಗೃಹಲಕ್ಷ್ಮಿಯ 2 ಸಾವಿರವೂ ಅಷ್ಟೇ. ಆದ್ರೆ ಎಷ್ಟೋ ಮನೆಗಳಲ್ಲಿ ಆ ಫೋನನ್ನು ಸರಿಯಾಗಿ ಬಳಸೋಕೆ ಬರೋದು ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಓದೋ ಮಗುವಿಗೆ ಮಾತ್ರ. "ದುಡ್ಡು ಬಂತೇನೋ ನೋಡು ಮಗಾ" ಅಂತ ಅಜ್ಜಿ ಫೋನ್ ಕೊಡೋದು ಆ ಮಗುವಿನ ಕೈಗೇ.

ಅಂದ್ರೆ ಮನೆಯ ದುಡ್ಡಿಗೆ ಹಾಕಿರೋ ಬೀಗದ ಕೀಲಿ ಇರೋದು ಒಬ್ಬ ವಿದ್ಯಾರ್ಥಿಯ ಹತ್ತಿರ. ಸೈಬರ್ ವಂಚನೆಯಲ್ಲಿ 2024ರ ಒಂದೇ ವರ್ಷ ದೇಶದ ಜನ ಕಳ್ಕೊಂಡಿದ್ದು 22,845 ಕೋಟಿ ರೂಪಾಯಿ ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಲೆಕ್ಕ ಕೊಟ್ಟಿದೆ. 2023ರಲ್ಲಿ ಇದು ಸುಮಾರು 7,465 ಕೋಟಿ ಇತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟು!

ರಾಜ್ಯ ಸರ್ಕಾರ 2024ರ ಆಗಸ್ಟ್‌ನಲ್ಲಿ ಸೈಬರ್ ಭದ್ರತಾ ನೀತಿ ಬಿಡುಗಡೆ ಮಾಡಿತು. ಮೆಟಾ ಕಂಪನಿ ಜೊತೆ ಸೇರಿ 1 ಲಕ್ಷ ಶಿಕ್ಷಕರಿಗೆ, 10 ಲಕ್ಷ ಮಕ್ಕಳಿಗೆ ಸೈಬರ್ ಸುರಕ್ಷತೆಯ ತರಬೇತಿ ಕೊಡುವ ಗುರಿಯನ್ನೂ ಹೇಳಿತು. ಒಳ್ಳೇದೇ. ಪ್ರಶ್ನೆ ಇರೋದು ಎಷ್ಟು ಶಿಕ್ಷಕರಿಗೆ ಅನ್ನೋದಲ್ಲ, ಎಂಥ ತರಬೇತಿ ಅನ್ನೋದು.

ಗೇಮ್ ಯಾಕೆ ಬೇಕು?

"ಒಟಿಪಿ ಯಾರಿಗೂ ಹೇಳಬೇಡಿ" ಅಂತ ಬೋರ್ಡ್ ಮೇಲೆ ಬರೆದ್ರೆ ಮಕ್ಕಳು ಕಾಪಿ ಮಾಡ್ಕೊಳ್ತಾರೆ, ಪರೀಕ್ಷೆಯಲ್ಲಿ ಬರೀತಾರೆ. ಆದ್ರೆ ವಂಚಕ ಬರೋದು ಪರೀಕ್ಷೆಯ ಥರ ಅಲ್ಲ. ಅವಸರ ಪಡಿಸ್ತಾನೆ, ಆಸೆ ತೋರಿಸ್ತಾನೆ, ಹೆದರಿಸ್ತಾನೆ. ಆ ಗಡಿಬಿಡಿಯಲ್ಲಿ ತಡೆದು ಯೋಚನೆ ಮಾಡೋದು ಅಭ್ಯಾಸದಿಂದ ಬರಬೇಕು. ಈಜು ಕಲಿಯೋಕೆ ನೀರಿಗಿಳಿಯಲೇಬೇಕಲ್ಲ, ಹಾಗೆ. ನಷ್ಟವಿಲ್ಲದೆ ಮೋಸ ಹೋಗಿ ನೋಡೋ ಜಾಗ ಅಂದ್ರೆ ಗೇಮ್.

ಇದಕ್ಕೆ ಪುರಾವೆಯೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2007ರಲ್ಲಿ 'ಆ್ಯಂಟಿ ಫಿಶಿಂಗ್ ಫಿಲ್' ಅನ್ನೋ ಗೇಮ್ ಮಾಡಿದ್ರು. ಫಿಲ್ ಅನ್ನೋದು ಒಂದು ಮರಿ ಮೀನು. ಎದುರಿಗೆ ಹುಳುಗಳು ಬರ್ತವೆ, ಒಂದೊಂದು ಹುಳುವಿಗೂ ಒಂದು ವೆಬ್‌ಸೈಟ್ ವಿಳಾಸ. ಅಸಲಿಯಾದ್ರೆ ತಿನ್ನಬೇಕು, ನಕಲಿಯಾದ್ರೆ ಬಿಡಬೇಕು, ಯಾಕಂದ್ರೆ ನಕಲಿ ಹುಳುವಿನೊಳಗೆ ಗಾಳ ಇದೆ. ಈ ಗೇಮ್ ಆಡಿದವರು, ಬರೀ ಪಾಠ ಓದಿದವರಿಗಿಂತ ಚೆನ್ನಾಗಿ ನಕಲಿ ಸೈಟ್ ಗುರುತಿಸಿದ್ರು.

ಅದರಲ್ಲಿ ಇನ್ನೊಂದು ಪಾತ್ರ ಇದೆ, ಫಿಲ್‌ನ ಅಪ್ಪ ಮೀನು. ಮರಿ ಗೊಂದಲಕ್ಕೆ ಬಿದ್ದಾಗ "ವಿಳಾಸದಲ್ಲಿ ಇದನ್ನ ನೋಡು" ಅಂತ ದಾರಿ ತೋರಿಸೋದು ಅದು. ನಮ್ಮ ಶಾಲೆಯಲ್ಲಿ ಆ ಅಪ್ಪ ಮೀನಿನ ಜಾಗದಲ್ಲಿ ನಿಲ್ಲಬೇಕಾದವರು ಮೇಷ್ಟ್ರು.

ಬರೀ ಗೇಮ್ ಕೊಟ್ರೆ ಆಗಲ್ಲ

ಹಾಗಾದ್ರೆ ಮಕ್ಕಳಿಗೆ ಒಂದು ಲಿಂಕ್ ಕಳಿಸಿಬಿಟ್ರೆ ಸಾಕಾ? ಸಾಲದು. ವಾಟ್ಸ್‌ಆ್ಯಪ್‌ನಲ್ಲಿ ಬರೋ ಸುಳ್ಳು ಸುದ್ದಿ ಗುರುತಿಸೋಕೆ ಕಲಿಸುವ 'ಜಾಯಿನ್ ದಿಸ್ ಗ್ರೂಪ್' ಅನ್ನೋ ಗೇಮನ್ನು ಸಂಶೋಧಕರು ಉತ್ತರ ಭಾರತದಲ್ಲಿ ಪ್ರಯೋಗ ಮಾಡಿ ನೋಡಿದ್ರು. 2023ರಲ್ಲಿ ಫಲಿತಾಂಶ ಪ್ರಕಟ ಆಯ್ತು: ಗೇಮ್ ಆಡಿದವರಿಗೂ ಆಡದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇರೆ ದೇಶಗಳಲ್ಲಿ ಇದೇ ಜಾತಿಯ ಗೇಮ್‌ಗಳು ಕೆಲಸ ಮಾಡಿದ್ದವು.

ಒಂದು ಕಡೆ ಗೆದ್ದಿದ್ದು ಇನ್ನೊಂದು ಕಡೆ ಹಾಗೇ ಗೆಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಗೂಗಲ್‌ನ 'ಇಂಟರ್‌ಲ್ಯಾಂಡ್' ನೋಡಿ. ಪಾಸ್‌ವರ್ಡ್ ಗಟ್ಟಿ ಮಾಡೋದು, ವೈಯಕ್ತಿಕ ವಿಷಯ ಯಾರಿಗೆ ತೋರಿಸಬೇಕು ಅನ್ನೋದು, ಎಲ್ಲಾ ಚೆನ್ನಾಗಿ ಕಲಿಸುತ್ತೆ. ಆದ್ರೆ ನಮ್ಮ ಕಡೆ ಮನೆ ಬಾಗಿಲಿಗೆ ಬರೋ ಬಲೆ ಬೇರೆ: ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್, ಟ್ರಾಫಿಕ್ ಚಲನ್ ಹೆಸರಿನ ಫೈಲ್, ಮದುವೆ ಕರೆಯೋಲೆ ಥರ ಬರೋ ಫೈಲ್, ಫ್ರೀ ಫೈರ್ ಡೈಮಂಡ್ ಪುಕ್ಕಟೆ ಕೊಡ್ತೀವಿ ಅನ್ನೋ ಲಿಂಕ್. ಗೇಮ್‌ನ ಪಾಠವನ್ನು ಈ ಫೋನಿಗೆ ತಂದು ಜೋಡಿಸೋದು ಮೇಷ್ಟ್ರೇ ಹೊರತು ಗೇಮ್ ಅಲ್ಲ.

ಅಮೆರಿಕದಲ್ಲಿ 2014ರಲ್ಲಿ ಶುರುವಾದ 'ಜೆನ್‌ಸೈಬರ್' ಬೇಸಿಗೆ ಶಿಬಿರಗಳು ಮಕ್ಕಳಿಗೆ ಅಷ್ಟೇ ಅಲ್ಲ, ಶಿಕ್ಷಕರಿಗೂ ನಡೆದಿವೆ. ನಮಗೂ ಇದು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಆಟದ ಮೂಲಕ ಪಾಠ ಮಾಡೋದು ನಮ್ಮ ಸರ್ಕಾರಿ ಶಾಲೆ ಶಿಕ್ಷಕರಿಗೆ ಗೊತ್ತಿರೋ ವಿದ್ಯೆಯೇ.

ತರಬೇತಿ ಹೇಗಿರಬೇಕು?

ಅಧಿಕಾರಿಯೊಬ್ಬರು ಬಂದು ಎರಡು ಗಂಟೆ ಪಿಪಿಟಿ ತೋರಿಸಿ, ಟೀ ಬಿಸ್ಕತ್ತು ಕೊಟ್ಟು, ಗ್ರೂಪ್ ಫೋಟೊ ತೆಗೆಸಿಕೊಂಡು ಹೋದ್ರೆ ಅದು ತರಬೇತಿ ಅಲ್ಲ.

ಮೊದಲು ಶಿಕ್ಷಕರೇ ಗೇಮ್ ಆಡಬೇಕು, ಆಡಿ ಸೋಲಬೇಕು. ತಾನೇ ನಕಲಿ ಲಿಂಕ್ ಒತ್ತಿದ ಮೇಷ್ಟ್ರಿಗೆ ಮಗು ಯಾಕೆ ಒತ್ತುತ್ತೆ ಅನ್ನೋದು ಅರ್ಥ ಆಗುತ್ತೆ.

ಎರಡನೇದು, ಗೇಮ್ ಎಲ್ಲಿ ನಿಲ್ಲಿಸಬೇಕು ಅನ್ನೋದು. ಹತ್ತು ನಿಮಿಷ ಆಟ, ಇಪ್ಪತ್ತು ನಿಮಿಷ ಮಾತು. "ಯಾವ ಮಾತು ನೋಡಿ ಒತ್ತಿದೆ? ಆಸೆಗಾ, ಭಯಕ್ಕಾ, ಅವಸರಕ್ಕಾ? ಇದೇ ಮೆಸೇಜ್ ನಿಮ್ಮನೆಗೆ ಬಂದ್ರೆ ಯಾರು ಒತ್ತುತಾರೆ?" ನಿಜವಾದ ಪಾಠ ಇರೋದು ಈ ಮಾತುಕತೆಯಲ್ಲಿ.

ಮೂರನೇದು, ಇದಕ್ಕೆ ಬೇರೆ ಪೀರಿಯಡ್ ಬೇಕಿಲ್ಲ. ಗಣಿತದ ಟೀಚರ್ ಲೆಕ್ಕ ಮಾಡಿಸಲಿ: ನಾಲ್ಕು ಅಂಕಿಯ ಪಿನ್ ಆದ್ರೆ 10 ಸಾವಿರ ಸಾಧ್ಯತೆ, ಆರು ಅಂಕಿ ಆದ್ರೆ 10 ಲಕ್ಷ. ಎಂಟು ಇಂಗ್ಲಿಷ್ ಅಕ್ಷರದ ಪಾಸ್‌ವರ್ಡ್ ಆದ್ರೆ 20 ಸಾವಿರ ಕೋಟಿಗೂ ಜಾಸ್ತಿ. ಕನ್ನಡದ ಮೇಷ್ಟ್ರು ಮೋಸದ ಮೆಸೇಜ್‌ನ ಭಾಷೆ ಬಿಡಿಸಿ ತೋರಿಸಲಿ.

ನಾಲ್ಕನೇದು, ಪಾಠ ಹಳಸಬಾರದು. ಹಣ ಕೇಳಿ 'ಕಲೆಕ್ಟ್ ರಿಕ್ವೆಸ್ಟ್' ಕಳಿಸೋ ಮೋಸ ಬಹಳ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಹಾಗೆ ಕೇಳೋದನ್ನ 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ನಿಲ್ಲಿಸಲಾಗಿದೆ. ಕಳ್ಳ ದಾರಿ ಬದಲಿಸ್ತಾನೆ, ಮೇಷ್ಟ್ರ ಕೈಲಿರೋ ಉದಾಹರಣೆಯೂ ಬದಲಾಗಬೇಕು. ಪ್ರತಿ ತಿಂಗಳ ಮೊದಲ ಬುಧವಾರ ಸೈಬರ್ ಜಾಗೃತಿ ದಿನ ಅಂತ ಇದೆ. ಅವತ್ತೇ ಕ್ಲಸ್ಟರ್ ಮಟ್ಟದಲ್ಲಿ ಸಿಆರ್‌ಪಿ ಹತ್ತು ಹೊಸ ಮೆಸೇಜ್ ಹಂಚಿದ್ರೆ ಸಾಕು.

ಕೊನೇದು, ಬಹಳ ಮುಖ್ಯವಾದದ್ದು: ಬೈಯದೆ ಕೇಳಿಸಿಕೊಳ್ಳೋದು. ಡೈಮಂಡ್ ಆಸೆಗೆ ಅಪ್ಪನ ಖಾತೆಯಿಂದ ದುಡ್ಡು ಹೋದ್ರೆ ಮಗು ಹೊಡೆತಕ್ಕೆ ಹೆದರಿ ಮುಚ್ಚಿಡುತ್ತೆ. ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ. ಬೇಗ 1930ಕ್ಕೆ ಫೋನ್ ಮಾಡಿದ್ರೆ ಬ್ಯಾಂಕ್‌ಗಳು ಅದನ್ನ ದಾರಿಯಲ್ಲೇ ತಡೆ ಹಿಡಿಯೋ ಅವಕಾಶ ಇದೆ. "ಮಿಸ್, ಹಿಂಗಾಯ್ತು" ಅಂತ ಹೇಳೋ ಧೈರ್ಯ ಮಗುವಿಗೆ ಬಂದ್ರೆ ಅರ್ಧ ಕೆಲಸ ಆದ ಹಾಗೆ.

ಅಡ್ಡಿಗಳೂ ಇವೆ

ಮೇಷ್ಟ್ರ ತಲೆ ಮೇಲೆ ಈಗಲೇ ಹೊರೆ ಜಾಸ್ತಿ. ಬಿಸಿಯೂಟ, ಮೊಟ್ಟೆ ಲೆಕ್ಕ, ಬಿಎಲ್‌ಒ ಕೆಲಸ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದೂ ಅವರೇ. ಇದೂ ಇನ್ನೊಂದು ಆದೇಶ ಆಗಿ ಬಂದ್ರೆ ಕಾಟಾಚಾರಕ್ಕೆ ಮುಗಿಯುತ್ತೆ. ಒಂದು ಕೆಲಸ ಕೊಡೋದಾದ್ರೆ ಇನ್ನೊಂದು ಇಳಿಸಬೇಕು.

ಎಲ್ಲಾ ಶಾಲೆಯಲ್ಲೂ ಕಂಪ್ಯೂಟರ್ ಲ್ಯಾಬ್ ಸಿಗೋದಿಲ್ಲ. ಆದ್ರೆ ಒಂದು ಟಿವಿ, ಮೇಷ್ಟ್ರ ಒಂದು ಫೋನ್ ಇದ್ರೂ ಇಡೀ ಕ್ಲಾಸ್ ಗುಂಪಾಗಿ ಆಡಬಹುದು. ಅದೂ ಇಲ್ಲ ಅಂದ್ರೆ ಚೀಟಿಯಲ್ಲಿ ಮೆಸೇಜ್ ಬರೆದು ಎರಡು ತಂಡ ಮಾಡಿ. ಒಬ್ಬ ಹುಡುಗ ನಕಲಿ ಬ್ಯಾಂಕ್ ಆಫೀಸರ್ ಆಗಲಿ, ಇನ್ನೊಬ್ಬಳು ಅಜ್ಜಿ ಆಗಲಿ. ವೀರಣ್ಣನವರ ನಾಟಕ ಕಂಪನಿಯ ಗುಬ್ಬಿ ಸೀಮೆಗೆ ಪಾತ್ರ ಮಾಡೋದನ್ನ ಯಾರೂ ಹೇಳಿಕೊಡಬೇಕಿಲ್ಲ.

"ಶಾಲೇಲಿ ಗೇಮ್ ಆಡಿಸ್ತಾರಂತೆ" ಅಂದ್ರೆ ಪೋಷಕರು ಸಿಟ್ಟಾಗೋದು ಸಹಜ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಗೇಮ್‌ಗಳಿಂದ ಹಾಳಾದ ಮನೆಗಳು ಕಣ್ಣ ಮುಂದೆ ಇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ಅಂಥ ಗೇಮ್‌ಗಳನ್ನೇ ನಿಷೇಧಿಸಿದೆ, ಕಲಿಕೆಯ ಗೇಮ್‌ಗಳನ್ನಲ್ಲ. ಈ ವ್ಯತ್ಯಾಸವನ್ನ ಎಸ್‌ಡಿಎಂಸಿ ಸಭೆಯಲ್ಲಿ ಮೊದಲೇ ಬಿಡಿಸಿ ಹೇಳಬೇಕು. ಮಗುವಿನ ಹೆಸರು, ಇಮೇಲ್, ಫೋಟೊ ಕೇಳೋ ಗೇಮ್ ಶಾಲೆಗೆ ಬೇಡವೇ ಬೇಡ. 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಬೇಕು ಅಂತ 2023ರ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತೆ.

ಈಗ ಕೇಳಬೇಕಾದ್ದು

ತುಮಕೂರು ಡಯಟ್ ಮತ್ತು ಗುಬ್ಬಿ ಬಿಇಒ ಕಚೇರಿಗೆ ಎರಡು ಪ್ರಶ್ನೆ. ಆ 1 ಲಕ್ಷ ಶಿಕ್ಷಕರ ಗುರಿಯಲ್ಲಿ ನಮ್ಮ ತಾಲ್ಲೂಕಿನವರು ಎಷ್ಟು ಜನ? ತರಬೇತಿ ಮುಗಿಸಿ ಬಂದವರು ಕ್ಲಾಸಿನಲ್ಲಿ ಏನು ಮಾಡಿದ್ರು?

ಲೆಕ್ಕ ಹಾಕೋದು ಹಾಜರಾತಿ ಸಹಿಯಿಂದ ಆಗಬಾರದು. ಪಾಠಕ್ಕೆ ಮುಂಚೆ ಮಕ್ಕಳಿಗೆ ಹತ್ತು ಮೆಸೇಜ್ ಕೊಡಿ, ಪಾಠ ಆದ ತಿಂಗಳ ಮೇಲೆ ಬೇರೆ ಹತ್ತು ಕೊಡಿ. ಎಷ್ಟು ಮೋಸ ಹಿಡಿದ್ರು ಅನ್ನೋದನ್ನ ಎಣಿಸಿ. ಒಂದು ರೂಪಾಯಿ ಖರ್ಚಿಲ್ಲ. ಆ ಅಂಕಿ ಏರಿದ್ರೆ ಮಾತ್ರ ತರಬೇತಿ ಆಗಿದೆ ಅಂತ ಲೆಕ್ಕ.

(ಸೈಬರ್ ವಂಚನೆ ಆದ ಕೂಡಲೇ 1930ಕ್ಕೆ ಕರೆ ಮಾಡಿ. ತುಮಕೂರಿನ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.)